ಅಜ್ಜನ ದೋಣಿ ಬದುಕಿನ ಪದಗಳನ್ನು ಬಿಡಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಹುಟ್ಟಿ ಬೆಳೆದವಳು; ನನ್ನ ತಾಯಿಯ ತಂದೆ ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಒಂದು ಕುರ್ವೆಯಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಜೀವನವಿಡೀ ಮೀನು ಹಿಡಿದು ಬದುಕಿದವರು. ಹೋದ ಮಳೆಗಾಲದಲ್ಲಿ ತೀರಿಕೊಂಡರು. ವರ್ಷ ತುಂಬುವುದರೊಳಗೆ ಅವರ ಬದುಕನ್ನು ಬರೆದು ಮನೆಮಂದಿಗೆ ಹಂಚಬೇಕೆಂದಿದ್ದೇನೆ.

ಮೊಬೈಲಿನಲ್ಲಿ ಅವರ ಮಾತಿನ 3 ಗಂಟೆಗಳ ಧ್ವನಿಮುದ್ರಣವಿದೆ. 1970ರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಯಂತ್ರದೋಣಿಗಳು ಬಂದ ಮೇಲೆ, ಹತ್ತಾರು ಜನ ಸೇರಿ ದಡಕ್ಕೆಳೆಯುತ್ತಿದ್ದ ರಂಪಣಿ ಬಲೆ ಮೂಲೆ ಸೇರಿದ್ದು, ಗಜನಿ ಎನ್ನುವ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆದದ್ದು, ನೀರಿಳಿದಾಗ ಅಜ್ಜಿ ಬಳಚು, ಅಂದರೆ ಚಿಪ್ಪುಮೀನು, ಹೆಕ್ಕಲು ಹೋಗುತ್ತಿದ್ದುದು, ಇಷ್ಟು ನನಗೆ ತಿಳಿಯಿತು. ಆದರೆ ಬಲೆಯ ಭಾಗಗಳಿಗೂ ನೀರಿನ ಏರಿಳಿತಕ್ಕೂ ಅವರು ಬಳಸಿದ ಸುಮಾರು 40 ಪದಗಳಲ್ಲಿ ಸಿಕ್ಕಿಕೊಂಡಿದ್ದೇನೆ. ನಿಘಂಟು ನೋಡಿದೆ, ಇಲ್ಲಿಯ ಮೀನು ಮಾರುಕಟ್ಟೆಯಲ್ಲಿ ವಿಚಾರಿಸಿದೆ. ಅವ್ವ ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿ ಘಟ್ಟ ಹತ್ತಿದವಳು, ದೋಣಿಯ ಮಾತು ಅವಳಿಗೂ ಪೂರ್ತಿ ಗೊತ್ತಿಲ್ಲ. ಅಂದಾಜಿನಿಂದ ನಮ್ಮ ಕಡೆಯ ಪದ ಹಾಕಿದರೆ ಅಜ್ಜನ ದನಿಯೇ ಹೋಗುತ್ತದೆ, ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ಕುಮಟಾ, ಅಂಕೋಲಾ ಕಡೆಯಿಂದ ಬಂದು ಹುಬ್ಬಳ್ಳಿ-ಧಾರವಾಡದಲ್ಲಿ ನೆಲೆಸಿರುವ ಮೀನುಗಾರ ಮನೆತನದ ಹಿರಿಯರು ಯಾರಾದರೂ ಒಂದು ಮಧ್ಯಾಹ್ನ ನನ್ನೊಂದಿಗೆ ಕುಳಿತು, ಧ್ವನಿಮುದ್ರಣ ಕೇಳಿ, ಈ ಪದಗಳ ಅರ್ಥ ತಿಳಿಸಿಕೊಡಬಲ್ಲಿರಾ?