ಸಹಾಯ ಬೇಕು: ಹಳೆಯ ಕಾರಿನ ಒಂದೇ ಚಕ್ರದ ಬ್ರೇಕ್ ಪದೇ ಪದೇ ಹಿಡಿದುಕೊಳ್ಳುತ್ತಿದೆ

ಮಾನ್ಯರೇ, ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್ ಇರುವ ನಮ್ಮ 2004ರ ಕಾರಿನಲ್ಲಿ, ಚಾರ್ಮಾಡಿ ಘಾಟಿ ಇಳಿದ ಮೇಲೆ ಮುಂದಿನ ಎಡಚಕ್ರ ವಿಪರೀತ ಬಿಸಿಯಾಗಿ, ಪೆಡಲ್ ಬಿಟ್ಟರೂ ಬ್ರೇಕ್ ಬಿಡದೆ, ಗಾಡಿ ಎಡಕ್ಕೆ ಎಳೆಯುತ್ತದೆ. ಪ್ಯಾಡ್ ಮತ್ತು ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸೀಲ್‌ಗಳನ್ನು ಬದಲಾಯಿಸಿ, ಅದು ಸರಿದಾಡುವ ಸ್ಲೈಡ್ ಪಿನ್‌ಗಳಿಗೆ ಗ್ರೀಸ್ ಹಾಕಿಸಿ, ಹೊಸ ಬ್ರೇಕ್ ಆಯಿಲ್ ತುಂಬಿಸಿದರೂ ತೊಂದರೆ ಮರುಕಳಿಸಿದೆ. ಹಿಡಿದುಕೊಂಡಿದ್ದಾಗ ಬ್ಲೀಡರ್ ನಿಪ್ಪಲ್ (ಕ್ಯಾಲಿಪರಿನಿಂದ ಆಯಿಲ್ ಹೊರಬಿಡುವ ಸ್ಕ್ರೂ) ಸಡಿಲಿಸಿದರೆ ಆಯಿಲ್ ಚಿಮ್ಮಿ ಚಕ್ರ ಕೂಡಲೇ ಸಲೀಸಾಗಿ ತಿರುಗುವುದರಿಂದ, ಕ್ಯಾಲಿಪರಿನ ಪಿಸ್ಟನ್ ಜಾಮ್ ಆಗಿಲ್ಲ, ಒತ್ತಡವೇ ಒಳಗೆ ಉಳಿಯುತ್ತಿದೆ ಎಂಬುದು ನನ್ನ ಅನಿಸಿಕೆ. ಕ್ಯಾಲಿಪರಿಗೆ ಆಯಿಲ್ ಒಯ್ಯುವ ರಬ್ಬರ್ ಹೋಸ್ (ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ) ಒಳಗೊಳಗೇ ಊದಿ, ಆಯಿಲ್ ಹಿಂತಿರುಗದಂತೆ ತಡೆಯುತ್ತಿರಬಹುದೇ? ಮೆಕ್ಯಾನಿಕ್, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಲ್ಲ ಚಕ್ರಗಳ ಬ್ರೇಕಿಗೂ ಆಯಿಲ್ ಒತ್ತಡ ಕಳಿಸುವ ಭಾಗ) ಬದಲಿಸಲೇಬೇಕೆನ್ನುತ್ತಾರೆ. ಹಾಗಿದ್ದರೆ ಅದೇ ಆಯಿಲ್ ಲೈನಿನಲ್ಲಿರುವ ಹಿಂದಿನ ಬಲಚಕ್ರವೂ ಹಿಡಿಯಬೇಕಿತ್ತಲ್ಲವೇ? ಆ ದುಬಾರಿ ಭಾಗ ಕೊಳ್ಳುವ ಮೊದಲು ದೋಷ ಯಾವುದರಲ್ಲಿದೆಯೆಂದು ಖಚಿತಪಡಿಸಿಕೊಳ್ಳುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.