ಅಪ್‌ಡೇಟ್: ಶೇಂಗಾ ಹೊಲದಲ್ಲಿ ತೊಗರಿಯ ಅಕ್ಕಡಿ ಸಾಲು

ಶೇಂಗಾ ಒಂದನ್ನೇ ನೆಚ್ಚಿಕೊಂಡಿರುವ ಚಳ್ಳಕೆರೆ ತಾಲ್ಲೂಕಿನ ನಮ್ಮೂರಿನ ಸಣ್ಣ ಹಿಡುವಳಿದಾರರು, ಮಳೆ ಕೈಕೊಟ್ಟ ವರ್ಷ ಬೀಜದ ಖರ್ಚನ್ನಾದರೂ ಉಳಿಸಿಕೊಳ್ಳಲು ಏನು ಮಾಡಬೇಕೆಂದು ಮುಂಗಾರಿಗೆ ಮುನ್ನ ಕೇಳಿದ್ದೆ. ತೊಗರಿಯ ಅಕ್ಕಡಿ ಸಾಲು (ಮುಖ್ಯ ಬೆಳೆಯ ನಡುನಡುವೆ ಬಿತ್ತುವ ಬೇರೆ ಬೆಳೆಯ ಸಾಲು) ಹಾಕಿ, ಇಳಿಜಾರಿಗೆ ಅಡ್ಡಲಾಗಿ ಬಿತ್ತಿರೆಂದು ಹಲವರು ಸಲಹೆ ನೀಡಿದ್ದರು. ಸುಗ್ಗಿ ಮುಗಿದಿರುವುದರಿಂದ ಫಲಿತಾಂಶವನ್ನು ತಿಳಿಸುತ್ತಿದ್ದೇನೆ.

ಹಿರಿಯೂರಿನ ಬಬ್ಬೂರು ಫಾರ್ಮ್‌ನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದ ಬಳಿಕ ಕೆಲವು ಮನೆಯವರು 8 ಸಾಲು ಶೇಂಗಾಕ್ಕೆ 2 ಸಾಲು ತೊಗರಿಯಂತೆ ಬಿತ್ತಿದರು. ಕಾಯಿ ಕಟ್ಟುವ ಹೊತ್ತಿಗೆ ಮಳೆ ನಿಂತು, ಶೇಂಗಾ ಗಿಡಗಳು ನಡುಹಗಲಿಗೇ ಎಲೆ ಮಡಚಿಕೊಂಡವು; ಕಿತ್ತಾಗ ಜೊಳ್ಳೇ ಹೆಚ್ಚಿತ್ತು. ಆದರೆ ಬೇರನ್ನು ಆಳಕ್ಕಿಳಿಸಿದ್ದ ತೊಗರಿ ಆ ಬರಗಾಲವನ್ನು ತಾಳಿಕೊಂಡು, ತಡವಾಗಿ ಬಂದ ಹಿಂಗಾರು ಮಳೆಯನ್ನು ಬಳಸಿಕೊಂಡು ಒಳ್ಳೆಯ ಕಾಯಿ ಕಟ್ಟಿತು, ಬೀಜ ಗೊಬ್ಬರದ ಸಾಲವನ್ನು ತೀರಿಸುವಷ್ಟು ಹಣವೂ ಕೈಸೇರಿತು. ಅಡ್ಡ ಬಿತ್ತಿದ ಹೊಲಗಳಲ್ಲಿ, ಬಿರುಸಾದ ಮಳೆ ಸುರಿದ ದಿನವೂ ಕೆಂಪು ನೀರು ಹಳ್ಳಕ್ಕೆ ಹರಿಯದೆ ಸಾಲುಗಳ ನಡುವೆಯೇ ಇಂಗಿತು.

ಕೂಲಿಯ ತೊಡಕು ಮಾತ್ರ ಉಳಿದಿದೆ. ತೊಗರಿ ಸಾಲಿಗೆ ಪೆಟ್ಟಾಗದಂತೆ ಶೇಂಗಾ ಕೀಳಲು ಹೆಚ್ಚು ಆಳು ಬೇಕಾಗುತ್ತದೆ. ಗುತ್ತಿಗೆಗೆ ಹೊಲ ಮಾಡುವವರಿಗಂತೂ ಇದು ನಿಜವಾದ ಹೊರೆ. ಹೀಗಾಗಿ ಮುಂದಿನ ಹಂಗಾಮಿಗೆ ಮುಯ್ಯಾಳು ಪದ್ಧತಿಯಲ್ಲಿ, ಅಂದರೆ ಕೂಲಿಯಿಲ್ಲದೆ ಒಬ್ಬರ ಹೊಲದಲ್ಲಿ ಇನ್ನೊಬ್ಬರು ಸರದಿಯಂತೆ ದುಡಿದು, ಕೀಳುವುದೆಂದು ಅಕ್ಕಪಕ್ಕದ ಹೊಲದವರು ಒಪ್ಪಿಕೊಂಡಿದ್ದು, ತೊಗರಿ ಬೀಜವನ್ನು ಈಗಲೇ ಬೇರೆ ತೆಗೆದಿರಿಸಿದ್ದಾರೆ.