ಕಾರಂಜಾ ಜಲಾಶಯದಲ್ಲಿ ಚಳಿಗಾಲಕ್ಕೂ ಕೊರವ ಮೀನು ಸಿಗುತ್ತಾ?

ಭಾಲ್ಕಿಯಿಂದ: ಕಾರಂಜಾ ಹಿನ್ನೀರಿನಲ್ಲಿ ದೀಪಾವಳಿ ತನಕ ಕೊರವ ಚೆನ್ನಾಗಿ ಸಿಕ್ಕವು, ಈಗ ಡಿಸೆಂಬರ್‌ನಲ್ಲಿ ಬೆಳಿಗ್ಗೆ 6ಕ್ಕೇ ಹೋಗಿ ನಡುಗುತ್ತಾ ಕೂತರೂ ಒಂದೂ ಕಚ್ಚಲ್ಲ. ವರ್ಷಪೂರ್ತಿ ಹಿಡಿಯುವವರು ಏನು ಮಾಡುತ್ತೀರಿ?

ಯಾದಗಿರಿ, ಭೀಮಾ ದಂಡೆ: 6ಕ್ಕೆ ಯಾಕೆ ಹೋಗುತ್ತೀರಿ ಮಾರಾಯರೇ? ಚಳಿಗೆ ಅದೂ ಜಡವಾಗಿರುತ್ತೆ. 11ರ ಮೇಲೆ ಹೋಗಿ, ಬಿಸಿಲು ಬಿದ್ದ ಆಳವಿಲ್ಲದ ಕಡೆ, ಹುಲ್ಲಿನ ಅಂಚಿಗೆ ಸಣ್ಣ ಮೀನು ಕಟ್ಟಿ ನಿಧಾನಕ್ಕೆ ಎಳೆಯಿರಿ. ಕೊರವ ಗಾಳಿ ಕುಡಿಯಲು ಮೇಲೆ ಬರಲೇಬೇಕು. ಗುಳುಕ್ ಅಂತ ಗುಳ್ಳೆ ಎದ್ದರೆ ಅಲ್ಲೇ ಎಸೆಯಿರಿ.

ಕಲಬುರಗಿಯಿಂದ: ಬೇಸಿಗೆಯಲ್ಲಿ ನೀರು ಇಳಿದಾಗ ನಮ್ಮ ಬೆಣ್ಣೆತೊರೆ ಹೊಳೆ ಕಡೆ ಜಾಸ್ತಿ ಸಿಗುತ್ತವೆ. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ತೇಲುತ್ತಿದ್ದರೆ ಮಾತ್ರ ಗಾಳ ಹಾಕಬೇಡಿ, ಕೆಳಗೆ ದೊಡ್ಡ ಮೀನು ಆ ಮರಿಗಳಿಗೆ ಕಾವಲಿರುತ್ತೆ. ನಾನೊಮ್ಮೆ ಅಂಥದ್ದನ್ನು ಹಿಡಿದು ಬೇಜಾರು ಮಾಡಿಕೊಂಡೆ.

ಭಾಲ್ಕಿಯಿಂದ: ಸರಿ, ಭಾನುವಾರ ರೊಟ್ಟಿ ತಿಂದೇ ಹೊರಡುತ್ತೇನೆ.